ತೈವಾನ್ ಸುತ್ತಲು ಯಾವುದು ಮೇಲು: ಹೈಸ್ಪೀಡ್ ರೈಲು, ಸಾಮಾನ್ಯ ರೈಲು, ಸೈಕಲ್

ತೈವಾನ್ ದ್ವೀಪದ ವಿಸ್ತೀರ್ಣ ಸುಮಾರು 36,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದನೇ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಅದರ ನಡುವೆ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿರುವ ಪರ್ವತಸಾಲಿನಲ್ಲಿ 3,000 ಮೀಟರ್ ಮೀರಿದ ಶಿಖರಗಳೇ 200ಕ್ಕೂ ಹೆಚ್ಚಿರುವುದರಿಂದ ಊರುಗಳು, ಹೆದ್ದಾರಿಗಳು, ರೈಲುಹಳಿಗಳೆಲ್ಲ ಬಹುಪಾಲು ದ್ವೀಪದ ಅಂಚಿನಲ್ಲಿಯೇ ಸಾಗುತ್ತವೆ. ಆ ಅಂಚಿನ ಗುಂಟ ಒಂದು ಪೂರ್ಣ ಸುತ್ತು ಹಾಕುವುದನ್ನು ಅಲ್ಲಿಯವರು ಹ್ವಾನ್‌ದಾವ್ ಎನ್ನುತ್ತಾರೆ. ಕಾಲೇಜು ಮುಗಿಸಿದ ಹುಡುಗರಿಂದ ಹಿಡಿದು ನಿವೃತ್ತರವರೆಗೆ ಎಲ್ಲರಿಗೂ ಜೀವನದಲ್ಲಿ ಒಮ್ಮೆಯಾದರೂ ಅದನ್ನು ಮಾಡಬೇಕೆಂಬ ಹಂಬಲವಿರುತ್ತದೆ. ಶಿನ್ಚು ನಗರದ ವಿಜ್ಞಾನ ಪಾರ್ಕು ಮತ್ತು ವಿಶ್ವವಿದ್ಯಾಲಯಗಳ ಆಸುಪಾಸಿನಲ್ಲಿ ಕೆಲಸಕ್ಕೋ ಓದಿಗೋ ಬಂದಿರುವ ಕನ್ನಡಿಗರನ್ನು ಊರಿನಿಂದ ಬರುವ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆಯೂ ಇದೇ: ಸುತ್ತುವುದು ಯಾವುದರಲ್ಲಿ? ನಾನು ಹೈಸ್ಪೀಡ್ ರೈಲು, ಸಾಮಾನ್ಯ ರೈಲು, ಸೈಕಲ್ ಮೂರನ್ನೂ ಬಳಸಿ ನೋಡಿದ್ದೇನೆ. ಟೂರ್ ಬಸ್ಸನ್ನು ಇಲ್ಲಿ ಸೇರಿಸಿಲ್ಲ. ಅದರಲ್ಲಿ ಸಮಯ ನಮ್ಮ ಕೈಯಲ್ಲಿರುವುದಿಲ್ಲ, ಮತ್ತು ಸಮಯ ನಮ್ಮ ಕೈಯಲ್ಲಿಲ್ಲದಿದ್ದರೆ ತೈವಾನಿನ ಜನಜೀವನ ಕಣ್ಣಿಗೆ ಬೀಳುವುದಿಲ್ಲ.

ಹೈಸ್ಪೀಡ್ ರೈಲಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 2007ರಲ್ಲಿ ಆರಂಭವಾದ ಈ ಮಾರ್ಗ ಸುಮಾರು 350 ಕಿಲೋಮೀಟರ್ ಉದ್ದವಿದ್ದು, ಪಶ್ಚಿಮ ಬಯಲಿನಲ್ಲಿ 12 ನಿಲ್ದಾಣಗಳನ್ನು ಹೊಂದಿದೆ. ತೈಪೇಯಿಂದ ಕಾವ್‌ಶ್ಯುಂಗ್ ನಗರದ ಜ್ವೊಯಿಂಗ್ ನಿಲ್ದಾಣಕ್ಕೆ ವೇಗದ ಗಾಡಿ ಸುಮಾರು ಒಂದೂವರೆ ಗಂಟೆಯಲ್ಲಿ ತಲುಪುತ್ತದೆ. ಸ್ವಚ್ಛತೆ, ಸಮಯಪಾಲನೆ ಎರಡರಲ್ಲೂ ಎತ್ತಿದ ಕೈ. ಆದರೆ ಅದು ದ್ವೀಪವನ್ನು ಸುತ್ತುವುದೇ ಇಲ್ಲ, ಒಂದು ಮಗ್ಗುಲಿನಲ್ಲಿ ಹೋಗಿ ಬರುತ್ತದೆ ಅಷ್ಟೆ. ಪೂರ್ವ ಕರಾವಳಿ ಪೂರ್ತಿಯಾಗಿ ತಪ್ಪಿಹೋಗುತ್ತದೆ. ಅಲ್ಲದೆ ಹಲವು ನಿಲ್ದಾಣಗಳು ಊರಿನ ಹೊರವಲಯದಲ್ಲಿವೆ. 1624ರಲ್ಲಿ ಡಚ್ಚರು ಕೋಟೆ ಕಟ್ಟಲು ತೊಡಗಿದ, 1665ರ ಕನ್ಫ್ಯೂಷಿಯಸ್ ಮಂದಿರವಿರುವ ತೈನಾನ್ ನಗರವನ್ನು ನೋಡಲು ಹೋದರೆ ಹೈಸ್ಪೀಡ್ ಗಾಡಿ ನಮ್ಮನ್ನು ಇಳಿಸುವುದು ಗದ್ದೆಗಳ ನಡುವಿನ ನಿಲ್ದಾಣದಲ್ಲಿ. ಅಲ್ಲಿಂದ ಶಾಲುನ್ ಶಾಖಾಮಾರ್ಗದ ಲೋಕಲ್ ರೈಲು ಹಿಡಿದೇ ಹಳೆಯ ಊರನ್ನು ಸೇರಬೇಕು. ಈ ಮಾತಿಗೆ ಒಂದು ಅಪವಾದವಿದೆ: ಜ್ಯಾಯಿ ಹೈಸ್ಪೀಡ್ ನಿಲ್ದಾಣದ ಸಮೀಪದಲ್ಲಿರುವ, 2015ರ ಕೊನೆಯಲ್ಲಿ ತೆರೆದ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದ ದಕ್ಷಿಣ ಶಾಖೆ. ಏಷ್ಯಾದ ಕಲೆಗೇ ಮೀಸಲಾದ ಈ ಶಾಖೆಗೆ ಹೈಸ್ಪೀಡ್ ರೈಲಿನಷ್ಟು ಅನುಕೂಲದ ದಾರಿ ಬೇರೊಂದಿಲ್ಲ. ಮೊಘಲ್ ಕಾಲದ ಭಾರತದ ಜೇಡ್ ಕಲ್ಲಿನ ಕೆತ್ತನೆಗಳು ಕೂಡ ಈ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿವೆ. ಭಾರತೀಯರು ಇದನ್ನು ತಪ್ಪಿಸಿಕೊಳ್ಳಬಾರದು.

ಸಾಮಾನ್ಯ ರೈಲಿನ ಕಥೆಯೇ ಬೇರೆ. ಜಪಾನೀಯರ ಆಳ್ವಿಕೆಯಲ್ಲಿ, 1908ರಲ್ಲಿ ಪಶ್ಚಿಮದ ಮುಖ್ಯ ಮಾರ್ಗ ಪೂರ್ಣಗೊಂಡಿತು. ದಕ್ಷಿಣದ ಬೆಟ್ಟಗಳನ್ನು ಕೊರೆದು ಪೂರ್ವಕ್ಕೆ ಹಳಿ ಕೂಡಿಸಿ ಚಕ್ರ ಪೂರ್ಣಗೊಳಿಸಿದ್ದು 1990ರ ದಶಕದ ಆರಂಭದಲ್ಲಿ. ಇಂದು ಹೊಸ ಎಕ್ಸ್‌ಪ್ರೆಸ್‌ಗಳಿಂದ ಹಿಡಿದು ಪ್ರತಿ ಹಳ್ಳಿಯಲ್ಲೂ ನಿಲ್ಲುವ ಲೋಕಲ್‌ವರೆಗೆ ಎಲ್ಲ ಬಗೆಯ ಗಾಡಿಗಳೂ ಈ ಹಳಿಗಳ ಮೇಲೆ ಓಡುತ್ತವೆ. ಲೋಕಲ್ ಗಾಡಿಗೆ ಸೀಟು ಕಾಯ್ದಿರಿಸುವ ಗೊಡವೆಯಿಲ್ಲ. ತೈಪೇ ಮೆಟ್ರೋದಲ್ಲಿಯೂ ಅಂಗಡಿಗಳಲ್ಲಿಯೂ ನಡೆಯುವ ಈಜಿಕಾರ್ಡನ್ನೇ ಗೇಟಿಗೆ ತಾಗಿಸಿ ಹತ್ತಬಹುದು. ಹಾಗಾಗಿ ಯಾವುದೋ ಊರು ಕಿಟಕಿಯಿಂದ ಚೆನ್ನಾಗಿ ಕಂಡಿತೆಂದರೆ ಇಳಿದುಬಿಡುವ ಸ್ವಾತಂತ್ರ್ಯ ನಮಗಿರುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಒಂದು ಗುಣ ಹೈಸ್ಪೀಡ್ ಗಾಡಿಯ ಎಲ್ಲ ವೇಗಕ್ಕಿಂತ ಬೆಲೆಯುಳ್ಳದ್ದು.

ಇದಕ್ಕೆ ಅತ್ಯುತ್ತಮ ಉದಾಹರಣೆ ಶಿನ್ಚುವಿನ ದಕ್ಷಿಣಕ್ಕಿರುವ ಕಡಲಂಚಿನ ಮಾರ್ಗ. 1922ರಲ್ಲಿ ಕಟ್ಟಿದ ಐದು ಪುಟ್ಟ ಮರದ ನಿಲ್ದಾಣಗಳು ಇಲ್ಲಿ ಇನ್ನೂ ಬಳಕೆಯಲ್ಲಿವೆ. ಇದೇ ಮಾರ್ಗದಲ್ಲಿರುವ ಬೈಶಾತುನ್ ಎಂಬ ಸಣ್ಣ ಊರಿನ ಮಾಜು ದೇವಿಯ ಯಾತ್ರೆಯನ್ನು ನೋಡದೆ ತೈವಾನಿನ ಧಾರ್ಮಿಕ ಜೀವನ ನೋಡಿದೆನೆಂದು ನಾನಂತೂ ಹೇಳಲಾರೆ. ಮಾಜು ಕಡಲಿನ ತಾಯಿ, ಮೀನುಗಾರರ ರಕ್ಷಕಿ. ಪ್ರತಿವರ್ಷ ಅವಳ ಪಲ್ಲಕ್ಕಿ ಬೈಶಾತುನ್‌ನಿಂದ ಬೇಗಾಂಗ್ ಊರಿನ ದೇವಾಲಯಕ್ಕೆ ಹೋಗಿ ಮರಳುತ್ತದೆ. ಹೋಗಿಬರುವ ದೂರ ಸುಮಾರು 400 ಕಿಲೋಮೀಟರ್. ಹೊರಡುವ ದಿನವನ್ನು ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿ, ಅವು ಬಿದ್ದ ರೀತಿಯಿಂದ ದೇವಿಯ ಒಪ್ಪಿಗೆ ಕೇಳಿ ನಿಶ್ಚಯಿಸುತ್ತಾರೆ. ದಾರಿಯನ್ನು ಮಾತ್ರ ಯಾರೂ ನಿಶ್ಚಯಿಸುವುದಿಲ್ಲ. ಕವಲುದಾರಿಯೊಂದರಲ್ಲಿ ನಾನು ಹತ್ತಿರದಿಂದ ಕಂಡಂತೆ, ಗುಲಾಬಿ ಬಟ್ಟೆ ಹೊದಿಸಿದ ಪಲ್ಲಕ್ಕಿ ನಡುರಸ್ತೆಯಲ್ಲಿ ನಿಂತಿತು. ಹೊತ್ತವರ ಹೆಗಲ ಮೇಲೆ ಅತ್ತಿತ್ತ ತೂಗಿತು. ಎಡಕ್ಕೆ ಎರಡು ಹೆಜ್ಜೆ ಇಟ್ಟು ಮತ್ತೆ ಹಿಂದಕ್ಕೆ ಬಂತು. ಆಮೇಲೆ ಇದ್ದಕ್ಕಿದ್ದಂತೆ ಬಲಗಡೆಯ ಓಣಿಗೆ ಬಿರುಸಿನಿಂದ ನುಗ್ಗಿತು. ಸಾವಿರಾರು ಜನ ಚೀಲ ಹೆಗಲಿಗೇರಿಸಿ ಹಿಂದೆ ಓಡಿದರು. ಓಣಿಯ ಮನೆಯವರು ರಸ್ತೆಯ ನಡುವೆ ಸಾಲಾಗಿ ಮೊಣಕಾಲೂರಿ ತಲೆ ಬಾಗಿಸಿ ಕುಳಿತರು, ಪಲ್ಲಕ್ಕಿ ಅವರ ತಲೆಯ ಮೇಲೆ ಹಾದುಹೋಯಿತು. ದಾರಿಯುದ್ದಕ್ಕೂ ಊಟ, ಚಹಾ, ಹಣ್ಣುಗಳನ್ನು ಉಚಿತವಾಗಿ ಹಂಚುತ್ತಾರೆ. ತೆಗೆದುಕೊಳ್ಳದೆ ಮುಂದೆ ಹೋದರೆ ಬೇಸರಪಡುತ್ತಾರೆ. ಶ್ರೀಶೈಲಕ್ಕೆ ನಡೆದು ಹೋಗುವ ಉತ್ತರ ಕರ್ನಾಟಕದ ಪಾದಯಾತ್ರಿಗಳಿಗೆ ಊರೂರಿನಲ್ಲಿ ನಡೆಯುವ ದಾಸೋಹವನ್ನು ಕಂಡವರಿಗೆ ಈ ದೃಶ್ಯ ಸ್ವಲ್ಪವೂ ಪರಕೀಯವೆನಿಸದು. ಲಕ್ಷಾಂತರ ಜನ ಸೇರುವ ಈ ಯಾತ್ರೆಯಲ್ಲಿ ಸೈಕಲ್ ಒಂದು ಅಡ್ಡಿ, ಹೈಸ್ಪೀಡ್ ರೈಲು ಹತ್ತಿರ ಸುಳಿಯುವುದಿಲ್ಲ. ಲೋಕಲ್ ರೈಲಿನಲ್ಲಿ ಬಂದು, ಸಾಧ್ಯವಾದಷ್ಟು ದೂರ ನಡೆದು, ಸುಸ್ತಾದಲ್ಲಿ ಸಮೀಪದ ನಿಲ್ದಾಣದಿಂದ ಮರಳುವುದೇ ಸರಿಯಾದ ಕ್ರಮ.

ಜ್ಯಾಯಿ ಊರಿನ ಒಳಗಿರುವ ಹಳೆಯ ರೈಲು ನಿಲ್ದಾಣದಿಂದ ಹೊರಡುವ ಆಲಿಶಾನ್ ಅರಣ್ಯ ರೈಲು ಇನ್ನೊಂದು ಲಾಭ. ಕೇವಲ 762 ಮಿಲಿಮೀಟರ್ ಅಗಲದ ಹಳಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 30 ಮೀಟರ್ ಎತ್ತರದಿಂದ 2,216 ಮೀಟರ್‌ವರೆಗೆ ಏರುವ ಈ ಮಾರ್ಗ 2009ರ ಮೊರಾಕೋಟ್ ಚಂಡಮಾರುತದಲ್ಲಿ ಹಾಳಾಗಿ, ಪೂರ್ಣ ಉದ್ದಕ್ಕೆ ಮತ್ತೆ ತೆರೆದದ್ದು 2024ರ ಜುಲೈನಲ್ಲಿ.

ಆದರೆ ಸಾಮಾನ್ಯ ರೈಲಿನಲ್ಲಿ ಎಲ್ಲವೂ ಸುಗಮವೆಂದು ತಿಳಿಯಬಾರದು. ಪೂರ್ವದ ಹ್ವಾಲ್ಯೆನ್ ಮತ್ತು ತೈದುಂಗ್ ಕಡೆಗಿನ ಎಕ್ಸ್‌ಪ್ರೆಸ್ ಸೀಟುಗಳು ವಾರಾಂತ್ಯಗಳಲ್ಲಿಯೂ ಹಬ್ಬದ ರಜೆಗಳಲ್ಲಿಯೂ ಬೇಗನೆ ಮುಗಿದುಹೋಗುತ್ತವೆ. ಬುಕಿಂಗ್ ಸುಮಾರು ನಾಲ್ಕು ವಾರ ಮೊದಲು ತೆರೆಯುತ್ತದೆ, ಆ ದಿನವೇ ಕುಳಿತು ಕಾಯ್ದಿರಿಸುವುದು ಒಳಿತು. ಹ್ವಾಲ್ಯೆನ್ ಸಮೀಪದ ತಾರೊಕೊ ಕಮರಿಗೆ 2024ರ ಏಪ್ರಿಲ್ 3ರ ಭೂಕಂಪದಿಂದ ತೀವ್ರ ಹಾನಿಯಾಗಿದೆ. ಅದನ್ನೇ ನೆಚ್ಚಿಕೊಂಡು ಪ್ರವಾಸ ರೂಪಿಸುವವರು ಯಾವ ಹಾದಿಗಳು ತೆರೆದಿವೆಯೆಂದು ತಾರೊಕೊ ರಾಷ್ಟ್ರೀಯ ಉದ್ಯಾನದ ಪ್ರಕಟಣೆ ನೋಡಿಯೇ ಹೊರಡಬೇಕು. ನನ್ನ ಮಟ್ಟಿಗೆ ಹ್ವಾಲ್ಯೆನ್‌ಗಿಂತ ದಕ್ಷಿಣದ ಚಿಷಾಂಗ್ ಎಂಬ ಅಕ್ಕಿಯ ಊರು ಹೆಚ್ಚು ಇಷ್ಟ. ವಿದ್ಯುತ್ ಕಂಬಗಳೇ ಇಲ್ಲದ ಗದ್ದೆಬಯಲು, ಎರಡು ಕಡೆ ಬೆಟ್ಟಸಾಲು, ಶರತ್ಕಾಲದಲ್ಲಿ ಬೆಳೆದು ನಿಂತ ಪೈರಿನ ನಡುವೆಯೇ ವೇದಿಕೆ ಹಾಕಿ ನಡೆಸುವ ಕಲೋತ್ಸವ: ಇವೆಲ್ಲ ನಿಲ್ದಾಣದಿಂದ ಬಾಡಿಗೆ ಸೈಕಲ್ಲಿನ ದೂರದಲ್ಲಿವೆ. ಇನ್ನೂ ದಕ್ಷಿಣಕ್ಕೆ, ಫಾಂಗ್‌ಲ್ಯಾವೊ ಮತ್ತು ತೈದುಂಗ್ ನಡುವೆ ಓಡುವ ಹಳೆಯ ನೀಲಿ ಬೋಗಿಗಳ ಪ್ರವಾಸಿ ರೈಲಿಗೆ ಎಸಿ ಇಲ್ಲ. ಕಿಟಕಿ ಎತ್ತಿ ಪೆಸಿಫಿಕ್ ಸಾಗರದ ಗಾಳಿಗೆ ಮುಖವೊಡ್ಡಬಹುದು.

ಇನ್ನು ಸೈಕಲ್. 2015ರ ಕೊನೆಯಲ್ಲಿ ಗುರುತು ಹಾಕಿ ಮುಗಿಸಿದ ಒಂದನೇ ನಂಬರಿನ ಸೈಕಲ್ ಮಾರ್ಗ 900 ಕಿಲೋಮೀಟರಿಗೂ ಮೀರಿ ದ್ವೀಪವನ್ನು ಸುತ್ತುತ್ತದೆ. ಸೈಕಲ್ ತಯಾರಿಸುವ ಜೈಂಟ್ ಕಂಪನಿಯ ಸ್ಥಾಪಕ ಕಿಂಗ್ ಲಿಯು 2007ರಲ್ಲಿ ತಮ್ಮ 73ನೇ ವಯಸ್ಸಿನಲ್ಲಿ ಈ ಸುತ್ತನ್ನು ಮುಗಿಸಿದ ಮೇಲೆ ಹ್ವಾನ್‌ದಾವ್‌ನ ಗೀಳು ಇನ್ನಷ್ಟು ಹಬ್ಬಿತು. ಪಳಗಿದವರಿಗೆ ಒಂಬತ್ತು ದಿನ ಸಾಕು. ಊರು ನೋಡುತ್ತ ಹೋಗುವವರು ಎರಡು ವಾರ ಇಟ್ಟುಕೊಳ್ಳಬೇಕು. ಅಪ್ರದಕ್ಷಿಣವಾಗಿ, ಎಂದರೆ ಪಶ್ಚಿಮದಲ್ಲಿ ದಕ್ಷಿಣಕ್ಕೆ ಇಳಿದು ಪೂರ್ವದಲ್ಲಿ ಉತ್ತರಕ್ಕೆ ಏರುವುದು ರೂಢಿ, ಏಕೆಂದರೆ ಇಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುವುದರಿಂದ ಹಾಗೆ ಹೋದರೆ ಕಡಲು ಸದಾ ನಮ್ಮ ಮಗ್ಗುಲಿಗೇ ಇರುತ್ತದೆ. ಎಡಬದಿಯ ಅಭ್ಯಾಸವಿರುವ ನಮ್ಮವರು ತಿರುವುಗಳಲ್ಲಿ, ಅದರಲ್ಲಿಯೂ ಬೆಳಿಗ್ಗೆ ಹೊರಟ ಮೊದಲ ಗಳಿಗೆಯಲ್ಲಿ, ಎಚ್ಚರದಿಂದಿರಬೇಕು. ಈಶಾನ್ಯ ಮಾರುತ ಬೀಸುವ ಚಳಿಗಾಲದಲ್ಲಿ ಪಶ್ಚಿಮದಲ್ಲಿ ಗಾಳಿ ಬೆನ್ನಿಗೆ ಬಂದು ದೂಡುತ್ತದೆ, ಪೂರ್ವದಲ್ಲಿ ಅದೇ ಗಾಳಿ ಎದುರಾಗಿ ಕಾಲಿನ ಶಕ್ತಿಯನ್ನೆಲ್ಲ ಹಿಂಡುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ದಾಟುವಾಗ ಸಿಗುವ ಶೋಕಾ ಏರು ದೀರ್ಘವಾದದ್ದು. ಅದರ ನೆತ್ತಿಯ ಸೈಕಲ್ ತಂಗುದಾಣದಲ್ಲಿ ಅಪರಿಚಿತರೆಲ್ಲ ಒಬ್ಬರಿಗೊಬ್ಬರು ಫೋಟೋ ತೆಗೆದುಕೊಡುತ್ತಾರೆ.

ಸೈಕಲ್ಲಿನಲ್ಲಿ ಸಿಗುವುದು ಜನರ ಒಡನಾಟ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಸ್ಕೂಟರಿನವರು ಹುರಿದುಂಬಿಸುವ ಎರಡು ಮಾತು ಕೂಗಿ ಹೋಗುತ್ತಾರೆ. ಮಾರ್ಗದ ಹಲವು ಪೊಲೀಸ್ ಠಾಣೆಗಳಲ್ಲಿ ಗಾಳಿ ಹೊಡೆಯುವ ಪಂಪು, ಕುಡಿಯುವ ನೀರು, ಶೌಚಾಲಯಗಳ ಸೌಲಭ್ಯವಿದೆ. ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ನಿಶ್ಚಿಂತೆಯಿಂದ ಕುಳಿತು ನೀರು ಕುಡಿಯುವ ಅನುಭವ ನನಗೆ ಇಲ್ಲಿಯೇ ಮೊದಲು. ದೊಡ್ಡ ದೇವಾಲಯಗಳ ಯಾತ್ರಿನಿವಾಸಗಳಲ್ಲಿ ಸೈಕಲ್ ಸವಾರರಿಗೂ ಕೋಣೆ ಸಿಗುತ್ತದೆ. ಹ್ವಾಲ್ಯೆನ್‌ನಿಂದ ತೈದುಂಗ್‌ವರೆಗೆ ರೈಲು ಕರಾವಳಿ ಬೆಟ್ಟಗಳ ಹಿಂದಿನ ಕಣಿವೆಯಲ್ಲಿ ಸಾಗುವುದರಿಂದ, ಕಡಲ ಪಕ್ಕದ 11ನೇ ನಂಬರಿನ ಹೆದ್ದಾರಿಯ ಊರುಗಳು ಸೈಕಲ್ ಸವಾರನಿಗೆ ಮಾತ್ರ ಚೆನ್ನಾಗಿ ದಕ್ಕುತ್ತವೆ. ತೈವಾನಿನ ಅಧಿಕೃತ 16 ಮೂಲನಿವಾಸಿ ಜನಾಂಗಗಳಲ್ಲಿ ಅತಿ ದೊಡ್ಡದಾದ ಆಮಿಸ್ ಜನರ ಸುಗ್ಗಿಹಬ್ಬ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಈ ಊರುಗಳಲ್ಲಿ ಒಂದಾದ ಮೇಲೊಂದರಂತೆ ನಡೆಯುತ್ತದೆ. ಕೈ ಕೈ ಹಿಡಿದು ಕುಣಿಯುವ ವೃತ್ತದೊಳಗೆ ಅವರು ಕರೆಯದೆ ಕಾಲಿಡಬಾರದು. ಅದು ಪ್ರವಾಸಿಗರ ಪ್ರದರ್ಶನವಲ್ಲ, ಪೂರ್ವಿಕರ ಸ್ಮರಣೆ. ಆದರೆ ಅದೇ ತಿಂಗಳುಗಳು ಚಂಡಮಾರುತದ ಕಾಲವೂ ಹೌದು, ಸುಡುಬಿಸಿಲಿನ ಕಾಲವೂ ಹೌದು. ಹಬ್ಬಕ್ಕಾಗಿ ಹೋಗುವವರು ತೈದುಂಗ್‌ವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಸ್ವಲ್ಪ ದೂರ ಮಾತ್ರ ಸೈಕಲ್ ತುಳಿಯುವುದು ವಿವೇಕ. ಸುಆವ್ ಮತ್ತು ಹ್ವಾಲ್ಯೆನ್ ನಡುವಿನ ಕಡಿದಾದ ದಾರಿಯಲ್ಲಿ ಲಾರಿಗಳೂ ಸುರಂಗಗಳೂ ಹೆಚ್ಚಾಗಿರುವುದರಿಂದ ಸ್ಥಳೀಯರಲ್ಲಿಯೇ ಅನೇಕರು ಅಷ್ಟು ದೂರ ಸೈಕಲ್ಲನ್ನು ರೈಲಿಗೆ ಹಾಕುತ್ತಾರೆ. ನೀವೂ ಹಾಗೆಯೇ ಮಾಡಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಭಯಪಡಬೇಕಾಗಿಲ್ಲ. ಬೌದ್ಧ ಸಂಪ್ರದಾಯದಿಂದಾಗಿ ಸಣ್ಣ ಪಟ್ಟಣದಲ್ಲಿಯೂ ಸಸ್ಯಾಹಾರದ ಅಂಗಡಿ ಸಿಗುತ್ತದೆ, ಬೋರ್ಡಿನ ಮೇಲೆ ಸ್ವಸ್ತಿಕದ ಚಿಹ್ನೆ ಇರುವುದೂ ಉಂಟು. ಪ್ಯಾಕೆಟ್ ತಿನಿಸುಗಳ ಮೇಲೆ ಮೊಟ್ಟೆ ಇದೆಯೇ, ಹಾಲು ಇದೆಯೇ, ಈರುಳ್ಳಿ ಬೆಳ್ಳುಳ್ಳಿಯ ಬಳಗ ಇದೆಯೇ ಎಂಬುದನ್ನು ಬೇರೆಬೇರೆಯಾಗಿ ನಮೂದಿಸುತ್ತಾರೆ. ಈರುಳ್ಳಿ ಮುಟ್ಟದ ಹಿರಿಯರನ್ನು ಕರೆತಂದವರಿಗೆ ಇದು ದೊಡ್ಡ ನೆಮ್ಮದಿ. ಇಲ್ಲಿಯೂ ರೈಲಿನವರಿಗೆ ಅನುಕೂಲ ಹೆಚ್ಚು, ಏಕೆಂದರೆ ಇಂಥ ಅಂಗಡಿಗಳು ಮಧ್ಯಾಹ್ನದ ಹೊತ್ತು ಕಳೆದರೆ ಸಂಜೆಯವರೆಗೆ ಮುಚ್ಚಿರುತ್ತವೆ. ಸೈಕಲ್ಲಿನವರು ಹೊತ್ತು ಮೀರಿ ತಲುಪಿದರೆ ಬಿಸ್ಕತ್ತು, ಬಾಳೆಹಣ್ಣು, ಸುಟ್ಟ ಗೆಣಸಿಗಾಗಿ ಮೂಲೆಯ ಕನ್ವೀನಿಯನ್ಸ್ ಸ್ಟೋರನ್ನೇ ನಂಬಬೇಕು.

ಮೂರರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಸಾಮಾನ್ಯ ರೈಲನ್ನೇ ಆರಿಸಿಕೊಳ್ಳುತ್ತೇನೆ, ಬೇಕೆನಿಸಿದ ಊರಿನಲ್ಲಿ ಇಳಿದು ಅರ್ಧ ದಿನಕ್ಕೆ ಬಾಡಿಗೆ ಸೈಕಲ್ ಹಿಡಿಯುತ್ತೇನೆ. ದೇಹದಲ್ಲಿ ಕಸುವಿದ್ದು ಎರಡು ವಾರದ ಬಿಡುವಿರುವವರಿಗೆ, ಅಕ್ಟೋಬರ್ ಮಧ್ಯದಿಂದ ನವೆಂಬರ್‌ವರೆಗಿನ ಹವೆಯಲ್ಲಿ, ಸೈಕಲ್ಲಿಗೆ ಸಾಟಿಯಿಲ್ಲ. ಎದುರುಗಾಳಿಯ ಕಷ್ಟವನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ. ವಯಸ್ಸಾದ ತಂದೆತಾಯಿಯರನ್ನು ಕೆಲವೇ ದಿನಗಳ ಮಟ್ಟಿಗೆ ಕರೆತಂದವರು ಪಶ್ಚಿಮವನ್ನು ಹೈಸ್ಪೀಡ್ ರೈಲಿನಲ್ಲಿ ಬೇಗ ಮುಗಿಸಿ, ಉಳಿಸಿದ ಸಮಯವನ್ನೆಲ್ಲ ತೈದುಂಗ್ ಮತ್ತು ಚಿಷಾಂಗ್‌ಗೆ ಕೊಡಲಿ. ಜ್ವೊಯಿಂಗ್‌ನಲ್ಲಿ ಹೈಸ್ಪೀಡ್ ನಿಲ್ದಾಣವೂ ಸಾಮಾನ್ಯ ರೈಲಿನ ನಿಲ್ದಾಣವೂ ಒಂದೇ ಕಡೆ ಇರುವುದರಿಂದ ತೈದುಂಗ್ ಕಡೆಯ ಗಾಡಿಯನ್ನು ಅಲ್ಲಿಯೇ ಹಿಡಿಯಬಹುದು. ಟಿಕೆಟ್ ತೆಗೆಯುವಾಗ ಕಡಲ ಕಡೆಯ ಕಿಟಕಿಯ ಸೀಟನ್ನೇ ಕೇಳಿ.