ದತ್ತು ಹೋಗುವವರೆಗೆ ನಮ್ಮ ಮನೆ: ಮಂಗಳೂರಿನ ಒಂದು ಫಾಸ್ಟರ್ ಸೇವೆಯ ವಿಮರ್ಶೆ

ಬೀದಿಯಿಂದ ಎತ್ತಿ ತಂದ ನಾಯಿ ಮತ್ತು ಬೆಕ್ಕಿನ ಮರಿಗಳನ್ನು, ಅವು ದತ್ತು ಹೋಗುವವರೆಗೆ, ಇಷ್ಟಪಟ್ಟು ಮುಂದೆ ಬರುವ ಕುಟುಂಬಗಳ ಮನೆಯಲ್ಲಿ ಇರಿಸುವ ಕೆಲಸವನ್ನು ಮಂಗಳೂರಿನಲ್ಲಿ ಕೆಲವು ಪ್ರಾಣಿಪ್ರಿಯರ ಬಳಗಗಳು ಮಾಡುತ್ತಿವೆ. ಅಂತಹ ಒಂದು ಬಳಗದ ಜೊತೆ ನಮ್ಮ ಮನೆಯವರು ಕಳೆದ ಮಳೆಗಾಲದಿಂದ ಕೈಜೋಡಿಸಿದ್ದೇವೆ. ಸಂಬಳವಿಲ್ಲದ ಸ್ವಯಂಸೇವಕರೇ ನಡೆಸುವ ಸೇವೆಯಾದ್ದರಿಂದ, ಅದರ ಕೊರತೆಗಳನ್ನೂ ಇಲ್ಲಿ ಹೇಳಬೇಕಿರುವುದರಿಂದ, ಬಳಗದ ಹೆಸರನ್ನು ಬರೆಯುತ್ತಿಲ್ಲ. ಫಾಸ್ಟರ್ ಸೇವೆಯೊಂದು ಚೆನ್ನಾಗಿದೆಯೇ ಇಲ್ಲವೇ ಎಂಬುದು ಮರಿಯನ್ನು ನಮ್ಮ ಕೈಗೆ ಒಪ್ಪಿಸಿದ ನಂತರ ಅವರು ನಮ್ಮೊಂದಿಗೆ ಎಷ್ಟರ ಮಟ್ಟಿಗೆ ನಿಲ್ಲುತ್ತಾರೆ ಎಂಬುದರಿಂದಲೇ ತಿಳಿಯುತ್ತದೆ. ಆ ಅಳತೆಯಲ್ಲಿ ಈ ಬಳಗಕ್ಕೆ ನಾನು ಒಳ್ಳೆಯ ಅಂಕವನ್ನೇ ಕೊಡುತ್ತೇನೆ, ಒಂದೆರಡು ವಿಷಯಗಳನ್ನು ಬಿಟ್ಟು.

ಅರ್ಜಿ ಕೊಟ್ಟ ಕೂಡಲೇ ಮರಿ ಸಿಗುವುದಿಲ್ಲ. ಮೊದಲು ಒಬ್ಬರು ಬಂದು ಮನೆ ನೋಡುತ್ತಾರೆ. ನಮ್ಮದು ಬಿಜೈ ಕಡೆಯ ಹಳೆಯ ಹಂಚಿನ ಮನೆ. ಸುತ್ತ ಕೆಂಪುಕಲ್ಲಿನ ಕಂಪೌಂಡ್, ಹಿತ್ತಿಲಲ್ಲಿ ತೆರೆದ ಬಾವಿ. ಬಂದಿದ್ದ ಹುಡುಗ ಕೋಣೆಗಳನ್ನು ಒಂದು ಸುತ್ತು ನೋಡಿ, ಹೆಚ್ಚಿನ ಹೊತ್ತನ್ನು ಅಂಗಳದಲ್ಲೇ ಕಳೆದ. ಗೇಟಿನ ಅಡಿಯ ಸಂದಿನಲ್ಲಿ ತನ್ನ ಕೈಯನ್ನೇ ತೂರಿಸಿ ನೋಡಿದ, ಬಾವಿಯ ಕಟ್ಟೆ ಎಷ್ಟು ಎತ್ತರವಿದೆ ಎಂದು ನೋಡಿದ, ತೆಂಗಿನ ಗರಿಗಳ ರಾಶಿಯನ್ನು ತೋರಿಸಿ ಕನ್ನಡಿ ಹಾವು ಸೇರಿಕೊಳ್ಳುವ ಜಾಗ ಎಂದ. "ಅಕ್ಕ, ಬಾವಿಗೆ ಬಲೆ ಹಾಕ್ಸಿ, ಗರಿ ತೆಗೆಸಿ. ಆಮೇಲೆ ಫೋನ್ ಮಾಡಿ, ನಾವೇ ಮರಿ ತಂದು ಕೊಡ್ತೇವೆ" ಎಂದು ಹೇಳಿ ಹೊರಟುಹೋದ. ಕರಾವಳಿಯ ಮನೆಗಳಲ್ಲಿ ಮರಿಗಳಿಗೆ ನಿಜವಾದ ಅಪಾಯ ಎಲ್ಲಿದೆ ಎಂಬುದನ್ನು ಬಲ್ಲವರು ಮಾತ್ರ ಹೀಗೆ ನೋಡಲು ಸಾಧ್ಯ, ಮತ್ತು ನನಗೆ ಅವರ ಮೇಲೆ ಮೊದಲು ವಿಶ್ವಾಸ ಮೂಡಿದ್ದು ಅಲ್ಲೇ.

ಆ ಬಳಿಕ ಒಂದು ಒಪ್ಪಂದ ಪತ್ರಕ್ಕೆ ಸಹಿ ಹಾಕಬೇಕು. ಆಹಾರದ ಖರ್ಚು ನಮ್ಮದು. ಲಸಿಕೆ, ಜಂತುಹುಳದ ಮದ್ದು ಮತ್ತು ವೈದ್ಯರ ಶುಲ್ಕ ಬಳಗದ್ದು. ಮರಿಯನ್ನು ಅವರಿಗೆ ತಿಳಿಸದೆ ಬೇರೆಯವರಿಗೆ ಕೊಡುವಂತಿಲ್ಲ. ಇಷ್ಟು ವಿಷಯಗಳು ಕಾಗದದ ಮೇಲೆ ಸ್ಪಷ್ಟವಾಗಿರುವುದು ಬಹಳ ಮುಖ್ಯ, ಏಕೆಂದರೆ ಮರಿಗೆ ಕಾಯಿಲೆ ಬಂದ ಹೊತ್ತಿನಲ್ಲಿ ಹಣದ ಚರ್ಚೆಗೆ ಸಮಯವಿರುವುದಿಲ್ಲ.

ನಮಗೆ ಮೊದಲು ಬಂದದ್ದು ಮೀನುಗಾರಿಕೆಯ ದಕ್ಕೆಯ ಹತ್ತಿರ ಸಿಕ್ಕಿದ್ದ ಎರಡು ಊರ ನಾಯಿಯ ಮರಿಗಳು, ಒಂದು ಗಂಡು, ಒಂದು ಹೆಣ್ಣು. ಮೊದಲ 14 ದಿನ ಅವುಗಳನ್ನು ಪ್ರತ್ಯೇಕ ಕೋಣೆಯಲ್ಲೇ ಇಡಬೇಕು, ಮನೆಯಲ್ಲಿ ಬೇರೆ ನಾಯಿಯಿದ್ದರೆ ಅದರ ಮುಖವನ್ನೂ ತೋರಿಸಬಾರದು ಎಂಬುದು ಬಳಗದ ನಿಯಮ. ಇದು ಅತಿಯಾಯಿತು ಎಂದು ಕೆಲವರಿಗೆ ಅನಿಸಬಹುದು, ಆದರೆ ಪಾರ್ವೊ ಎಂಬ ವೈರಾಣುವಿನ ಸ್ವಭಾವವನ್ನು ತಿಳಿದವರು ಹಾಗೆ ಹೇಳಲಾರರು. ಲಸಿಕೆಯಾಗದ ಮರಿಗಳಲ್ಲಿ ಅದು ವಾಂತಿ ಮತ್ತು ರಕ್ತಭೇದಿಯನ್ನು ಉಂಟುಮಾಡಿ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. ಸೋಂಕು ತಗುಲಿದ ನಂತರ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 7 ದಿನ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ನೆಲದಲ್ಲಿ, ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ನಾವು ದಿನವೂ ನೆಲಕ್ಕೆ ಹಾಕುವ ಫಿನಾಯಿಲಿಗೆ ಅದು ಜಗ್ಗುವುದಿಲ್ಲ. ಒಂದು ಪಾಲು ದ್ರವ ಬ್ಲೀಚಿಗೆ 30 ಪಾಲು ನೀರು ಬೆರೆಸಿ, ತೊಳೆದ ನೆಲದ ಮೇಲೆ ಹತ್ತು ನಿಮಿಷವಾದರೂ ಬಿಡಬೇಕು ಎಂದು ಬಳಗದವರು ಬರೆದುಕೊಟ್ಟ ಚೀಟಿ ಈಗಲೂ ನಮ್ಮ ಬಚ್ಚಲುಮನೆಯ ಬಾಗಿಲಿನಲ್ಲಿದೆ.

ಲಸಿಕೆಯ ವಿಷಯದಲ್ಲಿ ಅವರ ಶಿಸ್ತು ಮೆಚ್ಚುವಂಥದ್ದು. 6ರಿಂದ 8 ವಾರಗಳ ವಯಸ್ಸಿನಲ್ಲಿ ಮೊದಲ ಲಸಿಕೆ, ನಂತರ 16 ವಾರಗಳು ತುಂಬುವವರೆಗೆ ಕೆಲವು ವಾರಗಳಿಗೊಮ್ಮೆ ಮುಂದಿನವು, ಮೂರು ತಿಂಗಳಾದ ಮೇಲೆ ರೇಬೀಸ್ ಲಸಿಕೆ. ಪ್ರತಿ ಬಾರಿಯೂ ಹಿಂದಿನ ದಿನ ಅವರಿಂದಲೇ ಕರೆ ಬರುತ್ತಿತ್ತು. ಇಲಿ ಜ್ವರ ನಮ್ಮ ಜಿಲ್ಲೆಗೆ ಹೊಸದಲ್ಲ. ಇಲಿಯ ಮೂತ್ರ ಬೆರೆತ ಮಳೆನೀರಿನಿಂದ ಮನುಷ್ಯರಿಗೂ ನಾಯಿಗಳಿಗೂ ಬರುವ ಈ ರೋಗದ ಲಸಿಕೆಯೂ ಮರಿಗಳಿಗೆ ಹಾಕುವ ಸಂಯುಕ್ತ ಲಸಿಕೆಯಲ್ಲಿ ಇದೆಯೇ ಎಂದು ಅವರು ವೈದ್ಯರಲ್ಲಿ ಕೇಳಿ ಖಚಿತಪಡಿಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ಕೊರತೆ ಕಂಡದ್ದು ಒಂದು ಭಾನುವಾರ. ಹೆಣ್ಣು ಮರಿ ಬೆಳಗ್ಗೆಯಿಂದ ಗಂಜಿಯನ್ನು ಮೂಸಿಯೂ ನೋಡದೆ ಮಲಗಿತ್ತು, ಒಸಡು ಬಿಳಿಚಿಕೊಂಡಿತ್ತು. ಬಳಗದವರು ಗೊತ್ತುಮಾಡಿದ್ದ ಕ್ಲಿನಿಕ್ ಮುಚ್ಚಿತ್ತು, ಪರ್ಯಾಯ ವ್ಯವಸ್ಥೆಯೇನು ಎಂಬುದು ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ನಾವೇ ಬೇರೊಬ್ಬ ವೈದ್ಯರನ್ನು ಹುಡುಕಿಕೊಂಡು ಹೋದೆವು. ಉಣ್ಣಿಯಿಂದ ಬರುವ ಜ್ವರವೆಂದು ರಕ್ತಪರೀಕ್ಷೆಯಲ್ಲಿ ತಿಳಿಯಿತು, ಮದ್ದಿನಿಂದ ಮರಿ ಚೇತರಿಸಿಕೊಂಡಿತು, ಖರ್ಚಾದ ಹಣವನ್ನೂ ಅವರು ಮರುದಿನವೇ ಕೊಟ್ಟರು. ಆದರೂ ರಜಾದಿನಗಳಲ್ಲಿ ಸಿಗುವ ಒಬ್ಬ ವೈದ್ಯರ ದೂರವಾಣಿ ಸಂಖ್ಯೆ ಫಾಸ್ಟರ್ ಮನೆಯವರ ಬಳಿ ಮೊದಲ ದಿನದಿಂದಲೇ ಇರಬೇಕು. ಇದನ್ನು ಬಳಗಕ್ಕೆ ಬರೆದು ತಿಳಿಸಿದ್ದೇನೆ.

ಬೆಕ್ಕಿನ ಮರಿಗಳ ವಿಷಯದಲ್ಲಿ ಅವರ ಮಾರ್ಗದರ್ಶನ ಇನ್ನೂ ಮೇಲಿನ ಮಟ್ಟದ್ದು. ಕಣ್ಣು ಬಿಡದ ಮರಿಗೆ ಎರಡು ಮೂರು ಗಂಟೆಗಳಿಗೊಮ್ಮೆ ಹಾಲು ಕುಡಿಸಬೇಕು. ದನದ ಹಾಲು ಕೊಟ್ಟರೆ ಭೇದಿಯಾಗುತ್ತದೆ, ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನೇ ಬಳಸಬೇಕು. ಮೈ ತಣ್ಣಗಾಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಸ್ವಯಂಸೇವಕಿಯೊಬ್ಬರು ನಮ್ಮ ಚಾವಡಿಯಲ್ಲಿ ಕುಳಿತು, ಮರಿಯನ್ನು ಟವೆಲ್ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಸಿ ಕುಡಿಸಿ ತೋರಿಸಿದರು. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಕುಡಿಸಿದ ನಂತರ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಅದರ ಅಡಿಭಾಗವನ್ನು ಮೆಲ್ಲಗೆ ಒರೆಸಿದರು. ಸುಮಾರು ಮೂರು ವಾರಗಳಾಗುವವರೆಗೆ ಮರಿ ತಾನಾಗಿ ಮೂತ್ರ ಮಾಡಲಾರದು, ತಾಯಿ ನೆಕ್ಕಿ ಮಾಡಿಸುವ ಕೆಲಸವನ್ನು ಸಾಕುವವರು ಮಾಡಬೇಕು ಎಂಬುದನ್ನು ಬಾಯಿಮಾತಿನಲ್ಲಿ ಕೇಳುವುದಕ್ಕೂ ಕಣ್ಣಾರೆ ಕಾಣುವುದಕ್ಕೂ ಬಹಳ ವ್ಯತ್ಯಾಸವಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನವೂ ತೂಕ ನೋಡಿ ಕಳುಹಿಸಬೇಕಿತ್ತು. ತೂಕ ಏರದ ದಿನ ತಪ್ಪದೆ ವಿಚಾರಿಸುತ್ತಿದ್ದರು.

ಇಡೀ ಸೇವೆಯಲ್ಲಿ ದುರ್ಬಲವಾದ ಭಾಗವೆಂದರೆ ದತ್ತು. ಗಂಡು ಮರಿ ಬೇಗನೆ ಸುರತ್ಕಲ್ಲಿನ ಒಂದು ಮನೆಗೆ ಹೋಯಿತು. ಹೆಣ್ಣು ಮರಿಯನ್ನು ಕೇಳುವವರೇ ಇರಲಿಲ್ಲ. ವಿಚಾರಿಸಿದವರಲ್ಲಿ ಹೆಚ್ಚಿನವರು ಹೆಣ್ಣು ಎಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರು, ಮರಿ ಹಾಕಿದರೆ ಏನು ಮಾಡುವುದು ಎಂಬ ಒಂದೇ ಕಾರಣಕ್ಕೆ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಬಳಗವೇ ಮಾಡಿಸಿಕೊಡುತ್ತದೆ ಎಂಬ ವಿಷಯ ದತ್ತು ಪ್ರಕಟಣೆಗಳ ಕೊನೆಯ ಸಾಲಿನಲ್ಲಿರುತ್ತಿತ್ತು. ನಮ್ಮ ಸಲಹೆಯಂತೆ ಅದನ್ನು ಮೊದಲ ಸಾಲಿಗೆ ತಂದಿದ್ದಾರೆ. ಮಸುಕಾದ ಹಳೆಯ ಚಿತ್ರಗಳನ್ನೇ ಮತ್ತೆ ಮತ್ತೆ ಹಾಕುವ ಅಭ್ಯಾಸವನ್ನೂ ಅವರು ಬಿಡಬೇಕು. ದತ್ತು ಪಡೆಯುವವರನ್ನು ವಿಚಾರಿಸುವಲ್ಲಿ ಮಾತ್ರ ಅವರು ಯಾವ ಅವಸರವನ್ನೂ ತೋರುವುದಿಲ್ಲ, ಅದು ಸರಿಯೇ. ಬೀದಿನಾಯಿಗಳ ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶವೂ, ದತ್ತು ಪಡೆದ ನಾಯಿ ಮರಳಿ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ದತ್ತು ಪಡೆದವರ ಹೊಣೆ ಎಂದು ಹೇಳಿದೆ.

ಒಂದು ಬಾಗಿಲು ಹಾಕಬಹುದಾದ ಕೋಣೆ, ಹಗಲು ಮನೆಯಲ್ಲಿ ಒಬ್ಬರಾದರೂ ಇರುವ ಅನುಕೂಲ ಮತ್ತು ಮನೆಯವರೆಲ್ಲರ ಒಪ್ಪಿಗೆ ಇರುವವರಿಗೆ ಈ ಬಳಗವನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಮರಿ ಕಚ್ಚಿದರೆ ಅಥವಾ ಪರಚಿದರೆ, ಎಷ್ಟೇ ಸಣ್ಣ ಗಾಯವಾಗಿದ್ದರೂ, 15 ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು ಎಂಬುದು ಅವರ ಒಪ್ಪಂದದಲ್ಲೇ ಇದೆ. ಫಾಸ್ಟರ್ ಮನೆಗಳ ಕೊರತೆ ಅವರಿಗೆ ಅತಿ ಹೆಚ್ಚಾಗಿ ಕಾಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮನೆ ನೋಡುವುದಕ್ಕೂ ಬಾವಿ, ಗೇಟು ಸರಿಪಡಿಸುವುದಕ್ಕೂ ಸಮಯ ಹಿಡಿಯುವುದರಿಂದ ಆಸಕ್ತರು ಮೇ ತಿಂಗಳೊಳಗೆ ಅರ್ಜಿ ಕೊಡುವುದು ಒಳ್ಳೆಯದು.