ಗಿಡ್ಡ ಕಾಂಡದ ಮನೆಹೂಗಳಿಗೆ ಹಿತ್ತಾಳೆಯ ಮುಳ್ಳುಬಿಲ್ಲೆ

ಚಿಕ್ಕಬಳ್ಳಾಪುರದಲ್ಲಿ ಹೂವಿಗೆ ಬರವಿಲ್ಲ. ಸುತ್ತಲಿನ ಹೊಲಗಳ ಸೇವಂತಿಗೆ, ಗುಲಾಬಿ, ಚೆಂಡುಹೂಗಳು ಮೂಟೆಗಟ್ಟಲೆ ಮಾರುಕಟ್ಟೆಗೆ ಬರುತ್ತವೆ. ಆದರೆ ಅವು ಹಾರಕ್ಕೂ ಪೂಜೆಗೂ ಬಿಡಿಸಿ ತಂದ ಹೂಗಳು. ಕುಂಡದಲ್ಲಿ ತಾನೇ ಬೆಳೆಸಿದ ಹೂವನ್ನು ಎಲೆ, ಮೊಗ್ಗು, ಕಾಂಡಗಳ ಸಮೇತ ಕೊಯ್ದು ನಡುಮನೆಯಲ್ಲಿಡುವ ಸುಖವೇ ಬೇರೆ. ಅದಕ್ಕಿರುವ ತೊಡಕು ಪಾತ್ರೆಯದು: ಅಂಗಡಿಯ ಹೂದಾನಿಗಳು ಪಾಲಿಹೌಸ್ ಗುಲಾಬಿಯ ಉದ್ದ ಕಾಂಡವನ್ನು ನೆಚ್ಚಿ ಮಾಡಿದವಾದ್ದರಿಂದ, ಗೇಣುದ್ದದ ಮನೆಯ ಸೇವಂತಿಗೆ ಅವುಗಳೊಳಗೆ ಕತ್ತಿನವರೆಗೆ ಮುಳುಗಿಬಿಡುತ್ತದೆ.

ಜಪಾನಿನ ಇಕೆಬಾನಾ ಪುಷ್ಪಾಲಂಕಾರದಲ್ಲಿ ಬಳಸುವ ಕೆನ್ಜಾನ್ ಎಂಬ ಮುಳ್ಳುಬಿಲ್ಲೆಯನ್ನು ಆನ್‌ಲೈನಿನಲ್ಲಿ ತರಿಸಿಕೊಂಡದ್ದು ಈ ಕಾರಣಕ್ಕೆ. ಸೀಸದ ದಪ್ಪ ತಳ, ಅದರ ಮೇಲೆ ಒತ್ತಾಗಿ ನೆಟ್ಟ ಹಿತ್ತಾಳೆಯ ಸೂಜಿಗಳು. ಅಗಲ ಸುಮಾರು 7 ಸೆಂ.ಮೀ., ತೂಕ 400 ಗ್ರಾಂ ಆಸುಪಾಸು. ಆಳವಿಲ್ಲದ ಯಾವುದೇ ಬಟ್ಟಲಿನಲ್ಲಿಟ್ಟು, ಸೂಜಿಗಳು ಮುಳುಗುವಷ್ಟು ನೀರು ಹಾಕಿ ಕಾಂಡವನ್ನು ಚುಚ್ಚಿದರೆ, ಹೂವು ಬೇಕಾದ ಕಡೆಗೆ ವಾಲಿಕೊಂಡು ಅಲುಗಾಡದೆ ನಿಲ್ಲುತ್ತದೆ. ಗುಲಾಬಿಯಂಥ ಗಟ್ಟಿ ಕಾಂಡವನ್ನು ಓರೆಯಾಗಿ ಕತ್ತರಿಸಿ ತುದಿಯನ್ನು ತುಸು ಸೀಳಬೇಕು. ದವನ, ಮರುಗಗಳ ಸಣ್ಣ ಕಡ್ಡಿಗಳು ಮಾತ್ರ ಸೂಜಿಗಳ ನಡುವೆ ಜಾರುತ್ತವೆ. ಐದಾರನ್ನು ಬಾಳೆನಾರಿನಿಂದ ಬಿಗಿದು ಚುಚ್ಚಿದರೆ ಆ ದೂರು ತೀರುತ್ತದೆ. ದವನವಂತೂ ಒಣಗಿದ ಮೇಲೂ ಪರಿಮಳ ಕಳೆದುಕೊಳ್ಳುವುದಿಲ್ಲವಾದ್ದರಿಂದ ಸೇವಂತಿಗೆಯ ಜೊತೆಗೆ ಅದಿರಲೇಬೇಕೆಂಬುದು ನನ್ನ ಹಟ.

ಮಾರುವವರು ಎದ್ದು ಕಾಣುವಂತೆ ಹೇಳಬೇಕಾಗಿದ್ದ ಎಚ್ಚರಿಕೆಯೊಂದು ಪೆಟ್ಟಿಗೆಯ ಮೇಲೆ ಎಲ್ಲೂ ಇಲ್ಲ. ತಳ ಸೀಸದ್ದಾದ್ದರಿಂದ ಅಡುಗೆಗೆ ಬಳಸುವ ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿಗಳನ್ನು ಇದರ ನೀರಿನಲ್ಲಿ ಇಡಕೂಡದು. ಊಟದ ಬಟ್ಟಲನ್ನೂ ಇದಕ್ಕೆ ಕೊಡಕೂಡದು. ಹಿತ್ತಾಳೆಯೆಂದು ಹುಣಸೆಹಣ್ಣು ಹಾಕಿ ಉಜ್ಜುವುದೂ ಸಲ್ಲದು, ಏಕೆಂದರೆ ಹುಳಿ ಸೀಸವನ್ನು ಕರಗಿಸುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಸೋಪಿನ ನೀರು ಸಾಕು. ಅಡುಗೆಯ ಸೊಪ್ಪುಗಳಿಗೆ ಗಾಜಿನ ಲೋಟವೇ ಸರಿ; ಕಾಮಕಸ್ತೂರಿ ಫ್ರಿಜ್ಜಿನಲ್ಲಿ ಕಪ್ಪಾಗುತ್ತದೆ, ಕಿಟಕಿಯ ಬಳಿಯ ಲೋಟದಲ್ಲಾದರೆ ಬೇರನ್ನೇ ಬಿಡುತ್ತದೆ.

ನೀರಿನ ವಿಚಾರವನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕೊಯ್ದ ಹೂಗಳ ಪೈಕಿ ಗ್ಲಾಡಿಯೋಲಸ್, ಜರ್ಬೆರಾಗಳು ಅದನ್ನು ಸಹಿಸುವುದಿಲ್ಲ, ದಳದ ಅಂಚು ಕಂದುತ್ತದೆ. ಹಿಡಿದಿಟ್ಟ ಮಳೆನೀರಿದ್ದರೆ ಅವುಗಳಿಗೆ ಅದನ್ನೇ ಹಾಕುವುದು ಲೇಸು. ಬಟ್ಟಲಿನಲ್ಲಿ ನೀರು ಕಡಿಮೆ ಹಿಡಿಯುವುದರಿಂದ ದಿನವೂ ಬದಲಿಸಬೇಕು. ಚೆಂಡುಹೂವಿನ ಕಾಂಡವಿದ್ದರಂತೂ ನೀರು ಬೇಗ ನಾರುತ್ತದೆ. ಪಕ್ಕದಲ್ಲಿ ಮಾಗಿದ ಮಾವು, ಬಾಳೆ ಇಡಬಾರದು, ಅವು ಬಿಡುವ ಎಥಿಲೀನ್ ಅನಿಲಕ್ಕೆ ಗುಲಾಬಿಯಂಥ ಹೂಗಳು ಬೇಗ ಬಾಡುತ್ತವೆ.

ಒಂಬೈನೂರು ರೂಪಾಯಿಯ ಆಸುಪಾಸಿನ ಬೆಲೆ ತುಸು ಹೆಚ್ಚೇ, ಆದರೆ ಸೂಜಿಗಳು ನೆಟ್ಟಗಿರುವವರೆಗೆ ಇದಕ್ಕೆ ಸವಕಳಿಯಿಲ್ಲ. ತಳಕ್ಕೆ ರಬ್ಬರಿನ ಬಳೆಯನ್ನು ಕೊಡದಿರುವುದು ಕೊರತೆ, ಬಟ್ಟಲು ಗೀರುತ್ತದೆ. ಅಂಗಳದಲ್ಲಿ ಮಲ್ಲಿಗೆ, ಕನಕಾಂಬರಗಳಷ್ಟೇ ಇರುವವರು ಇದನ್ನು ಕೊಳ್ಳಬೇಕಾಗಿಲ್ಲ. ಅವರಿಗೆ ಅಗಲ ಬಾಯಿಯ ಉರುಳಿಯೊಂದಿದ್ದರೆ ಆಯಿತು.