500 ವ್ಯಾಟ್ ಅಂತ ಬರೆದಿದ್ದರೆ ಸಾಕಾ? ಮೂರು ಎಸ್‌ಎಂಪಿಎಸ್ ಬಳಸಿ ನೋಡಿದ ಮೇಲೆ

ನನ್ನ ಮೊದಲ ಗೇಮಿಂಗ್ ಕಂಪ್ಯೂಟರ್‌ಗೆ ಬೇರೆ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರ್ ಭಾಗಗಳಿಗೆ ಬೇಕಾದಂತೆ ಬದಲಿಸಿ ಕೊಡುವ ಪೆಟ್ಟಿಗೆ) ತೆಗೆದುಕೊಂಡಿರಲಿಲ್ಲ. ಕ್ಯಾಬಿನೆಟ್ ಜೊತೆಗೇ ಒಂದು ಬಂದಿತ್ತು. ಬೆಂಗಳೂರಿನ ಎಸ್.ಪಿ. ರೋಡ್‌ನ ಅಂಗಡಿಯಲ್ಲಿ, "500 ವ್ಯಾಟ್ ಇದೆ ಸರ್, ಧಾರಾಳವಾಗಿ ಸಾಕು" ಅಂದರು. ಒಳಗಿದ್ದದ್ದು ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಬ್ರೌಸಿಂಗ್, ಸಿನಿಮಾ, ಎಲ್ಲವೂ ಸಲೀಸು. ಗೇಮ್ ಶುರು ಮಾಡಿ ಹತ್ತು ನಿಮಿಷಕ್ಕೆ ಸ್ಕ್ರೀನ್ ಕಪ್ಪಾಗಿ ಕಂಪ್ಯೂಟರ್ ಆಫ್.

ಒಂದು ವಾರ ಒದ್ದಾಡಿದೆ. ರ‍್ಯಾಮ್ ಬದಲಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ, ಕಾರ್ಡ್ ಕೆಟ್ಟಿದೆ ಅಂತಲೇ ನಂಬಿದ್ದೆ. ಕೊನೆಗೆ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು, ಮೊಬೈಲ್ ಟಾರ್ಚ್ ಹಿಡಿದು ಎಸ್‌ಎಂಪಿಎಸ್ ಲೇಬಲ್ ಓದಿದೆ. ಮೇಲೆ ದಪ್ಪಕ್ಷರದಲ್ಲಿ 500. ಕೆಳಗೆ ಚಿಕ್ಕ ಕೋಷ್ಟಕ. ಅದರಲ್ಲಿ 12 ವೋಲ್ಟ್ ಅನ್ನೋ ಕಡೆ 18 ಆಂಪ್ಸ್. ಎರಡನ್ನೂ ಗುಣಿಸಿದರೆ ವ್ಯಾಟ್ ಸಿಗುತ್ತೆ, ಹನ್ನೆರಡು ಹದಿನೆಂಟ್ಲ 216. ಅಂದರೆ 12 ವೋಲ್ಟ್‌ನಲ್ಲಿ ಅದು ಕೊಡುವುದು 216 ವ್ಯಾಟ್ ಅಷ್ಟೇ! ಉಳಿದದ್ದು 5 ವೋಲ್ಟ್, 3.3 ವೋಲ್ಟ್ ಲೆಕ್ಕದಲ್ಲಿ ಸೇರಿಸಿದ್ದು. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಬೇಕಾದದ್ದು 12 ವೋಲ್ಟ್. 3060 ಒಂದೇ 170 ವ್ಯಾಟ್ ಎಳೆಯುತ್ತದೆ, 5600 ಭರ್ತಿ ಕೆಲಸದಲ್ಲಿ 76 ವ್ಯಾಟ್. ಒಟ್ಟು 246. ಆಫ್ ಆಗದೆ ಇನ್ನೇನಾಗುತ್ತೆ?

ಅದಕ್ಕೇ ಹೇಳ್ತೀನಿ, ಡಬ್ಬದ ಮೇಲಿನ ದೊಡ್ಡ ಸಂಖ್ಯೆ ಬಿಡಿ, ಲೇಬಲ್‌ನಲ್ಲಿ 12 ವೋಲ್ಟ್ ಕೆಳಗೆ ಎಷ್ಟಿದೆ ಅಂತ ನೋಡಿ.

ಆಮೇಲೆ ತಂದದ್ದು ಕೋರ್ಸೇರ್ ಸಿಎಕ್ಸ್650. 80 ಪ್ಲಸ್ ಬ್ರಾಂಜ್, ಅಂದರೆ ಕರೆಂಟ್ ಎಷ್ಟು ಕಡಿಮೆ ವ್ಯರ್ಥ ಮಾಡುತ್ತೆ ಅನ್ನೋದರ ಮುದ್ರೆ; ಗೋಲ್ಡ್ ಇದಕ್ಕಿಂತ ಮೇಲಿನದು. 12 ವೋಲ್ಟ್‌ನಲ್ಲಿ 54 ಆಂಪ್ಸ್, ಅಂದರೆ 648 ವ್ಯಾಟ್. ಹೇಳಿದ ಸಂಖ್ಯೆಯನ್ನು ನಿಜವಾಗಿ ಕೊಡುವ ಎಸ್‌ಎಂಪಿಎಸ್ ಅಂದರೆ ಇದು. ಹಾಕಿದ ದಿನದಿಂದ ಒಮ್ಮೆಯೂ ಆಫ್ ಆಗಲಿಲ್ಲ. ಮುಂದೆ ರೈಜನ್ 5 7600, ಆರ್‌ಟಿಎಕ್ಸ್ 4070 ಸೂಪರ್ ತಂದಾಗಲೂ ಇದರಲ್ಲೇ ಕೆಲವು ತಿಂಗಳು ಓಡಿಸಿದೆ. ಆ ಕಾರ್ಡ್‌ಗೆ ಅದರ ತಯಾರಕ ಎನ್ವಿಡಿಯಾ ಹೇಳುವುದೂ 650 ವ್ಯಾಟ್ ಎಸ್‌ಎಂಪಿಎಸ್.

ಮೂರನೆಯದು ಅದೇ ಕಂಪನಿಯ ಆರ್‌ಎಂ750ಇ. 80 ಪ್ಲಸ್ ಗೋಲ್ಡ್, 750 ವ್ಯಾಟ್. ವಾರಂಟಿ 7 ವರ್ಷ, ಸಿಎಕ್ಸ್‌ಗೆ 5. ಸಿಎಕ್ಸ್‌ಗೆ ನಾನು ಕೊಟ್ಟದ್ದು 4,900 ರೂಪಾಯಿ, ಇದಕ್ಕೆ 9,400.

ಈ 4,500 ವ್ಯತ್ಯಾಸಕ್ಕೆ ಏನು ಸಿಗುತ್ತೆ? "ಗೋಲ್ಡ್ ಅಂದರೆ ಕರೆಂಟ್ ಬಿಲ್ ಉಳಿಯುತ್ತೆ" ಅಂತ ಎಲ್ಲರೂ ಹೇಳ್ತಾರೆ. ಅಳೆದೇ ನೋಡೋಣ ಅಂತ ಗೋಡೆಯ ಪ್ಲಗ್‌ಗೆ ವ್ಯಾಟ್ ಮೀಟರ್ ಹಾಕಿದೆ. ಅದೇ ಗೇಮ್, ಅದೇ ಜಾಗ. ಬ್ರಾಂಜ್‌ನಲ್ಲಿ 358ರ ಆಸುಪಾಸು, ಗೋಲ್ಡ್‌ನಲ್ಲಿ 340. ಹದಿನೆಂಟು ವ್ಯಾಟ್ ವ್ಯತ್ಯಾಸ. ದಿನಕ್ಕೆ 4 ಗಂಟೆ ಆಡಿದರೂ ವರ್ಷಕ್ಕೆ ಉಳಿಯುವುದು 26 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೆ 182 ರೂಪಾಯಿ. ಹಾಕಿದ 4,500 ವಾಪಸ್ ಬರಬೇಕಾದರೆ ಹೆಚ್ಚುಕಮ್ಮಿ 25 ವರ್ಷ ಬೇಕು. ಬಿಲ್ ಆಸೆಗೆ ಗೋಲ್ಡ್ ಕೊಳ್ಳಬೇಡಿ. ಇನ್ನೊಂದು ಮಾತು, ಈ 80 ಪ್ಲಸ್ ಮುದ್ರೆ ಹೇಳುವುದು ಎಷ್ಟು ಕರೆಂಟ್ ಶಾಖವಾಗಿ ವ್ಯರ್ಥವಾಗುತ್ತೆ ಅನ್ನೋದನ್ನ. ಶಾರ್ಟ್ ಆದಾಗ ನಿಮ್ಮ ಕಾರ್ಡನ್ನು ಕಾಪಾಡುತ್ತಾ ಇಲ್ವಾ ಅನ್ನೋದು ಅದರಲ್ಲಿ ಬರುವುದಿಲ್ಲ.

ಆದರೆ ಸದ್ದಿನಲ್ಲಿ ಗೋಲ್ಡ್ ನಿಜವಾಗಿಯೂ ಗೆದ್ದಿತು. ಭಾರ ಕಡಿಮೆ ಇದ್ದಾಗ ಆರ್‌ಎಂನ ಫ್ಯಾನ್ ಪೂರ್ತಿ ನಿಂತೇಬಿಡುತ್ತದೆ. ತಮ್ಮ ಅದೇ ಕೋಣೆಯಲ್ಲಿ ಮಲಗುತ್ತಾನೆ, ನಾನು ರಾತ್ರಿ ಕೆಲಸ ಮಾಡ್ತೀನಿ. ನನಗೆ ಅದು ದೊಡ್ಡ ವಿಷಯ. ಕೇಬಲ್‌ಗಳನ್ನೂ ಬೇಕಾದಷ್ಟೇ ಚುಚ್ಚಿಕೊಳ್ಳಬಹುದು. ಸಿಎಕ್ಸ್‌ನಲ್ಲಿ ಕೇಬಲ್ ಕಳಚಲು ಬರುವುದಿಲ್ಲ, ಬೇಡದ್ದನ್ನು ಹಿಂದೆ ಕಟ್ಟಿಡಬೇಕು. ಕ್ಯಾಬಿನೆಟ್ ದೊಡ್ಡದಿದ್ದರೆ ಅದೇನೂ ತೊಂದರೆಯಲ್ಲ. ಹೊಸ ಕಾರ್ಡಿನ 16 ಪಿನ್ ಕೇಬಲ್ ಆರ್‌ಎಂ ಜೊತೆಗೇ ಬಂತು. ಸಿಎಕ್ಸ್‌ನಲ್ಲಿ ಕಾರ್ಡಿನ ಡಬ್ಬದಲ್ಲಿದ್ದ ಅಡಾಪ್ಟರ್ ಬಳಸಿದ್ದೆ. ಯಾವುದೇ ಆಗಲಿ, ಆ ಪಿನ್ನನ್ನು ಕೊನೆಯವರೆಗೂ ಒತ್ತಿ, ಬುಡದಲ್ಲೇ ಬಗ್ಗಿಸಬೇಡಿ. ಸಡಿಲ ಉಳಿದರೆ ಅಲ್ಲೇ ಬಿಸಿಯಾಗುತ್ತೆ, ಪ್ಲಾಸ್ಟಿಕ್ ಕರಗುತ್ತೆ. ಹಾಗೇ, ಒಂದು ಎಸ್‌ಎಂಪಿಎಸ್‌ನ ಕಳಚುವ ಕೇಬಲ್ ತೆಗೆದು ಇನ್ನೊಂದಕ್ಕೆ ಹಾಕಲೇಬೇಡಿ. ಪ್ಲಗ್ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಎಸ್‌ಎಸ್‌ಡಿ ಸುಟ್ಟುಹೋಗುತ್ತೆ.

ಇಷ್ಟೆಲ್ಲ ಆದಮೇಲೆ ಮಳೆಗಾಲ ಬಂತು. ನಮ್ಮ ಏರಿಯಾದಲ್ಲಿ ನಾಲ್ಕು ಹನಿ ಬಿದ್ದರೆ ಕರೆಂಟ್ ಹೋಗುತ್ತೆ. ಮನೆಯಲ್ಲಿದ್ದದ್ದು 600 ವಿಎ ಯುಪಿಎಸ್. ವಿಎ ಅನ್ನೋದು ಯುಪಿಎಸ್ ಮೇಲೆ ಬರೆಯುವ ಅಳತೆ, ವ್ಯಾಟ್ ಅದಕ್ಕಿಂತ ಕಡಿಮೆ; ಇದು ತಡೆಯುವುದು 360 ವ್ಯಾಟ್. ಗೋಲ್ಡ್‌ನಲ್ಲೂ 340, ಮಾನಿಟರ್‌ಗೆ ಇನ್ನೊಂದು 30. ಒಟ್ಟು 370. ಕರೆಂಟ್ ಹೋದ ತಕ್ಷಣ ಯುಪಿಎಸ್ ಕಿರುಚಿಕೊಂಡು ಆಫ್ ಆಯಿತು. ಅಷ್ಟು ದುಡ್ಡಿನ ಎಸ್‌ಎಂಪಿಎಸ್ ಇದ್ದೂ ಉಪಯೋಗವಾಗಲಿಲ್ಲ. ಆಮೇಲೆ 1100 ವಿಎ, 660 ವ್ಯಾಟ್ ಯುಪಿಎಸ್ ತಂದೆ. ಎರಡೂ ಎಸ್‌ಎಂಪಿಎಸ್ ಒಂದಾದ ಮೇಲೊಂದು ಅದರಲ್ಲಿ ಹಾಕಿ, ಗೇಮ್ ನಡೆಯುವಾಗಲೇ ಗೋಡೆಯ ಸ್ವಿಚ್ ಆರಿಸಿ ನೋಡಿದೆ. ಎರಡೂ ಅಲ್ಲಾಡಲಿಲ್ಲ. ನೀವೂ ಹೀಗೆ ಪರೀಕ್ಷೆ ಮಾಡಿ, ಸೇವ್ ಮಾಡದ ಕೆಲಸ ತೆರೆದಿಡಬೇಡಿ. ಕೆಲವು ಯುಪಿಎಸ್ ಬ್ಯಾಟರಿಯಲ್ಲಿ ಕೊಡುವ ಕರೆಂಟಿನ ಅಲೆಯ ಆಕಾರ ಈಗಿನ ಎಸ್‌ಎಂಪಿಎಸ್‌ಗಳಿಗೆ ಹಿಡಿಸುವುದಿಲ್ಲ, ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ಆಫ್ ಆಗಿಬಿಡುತ್ತೆ.

ಮೊನ್ನೆ ಚಿಕ್ಕಪ್ಪನ ಮಗ ಮೈಸೂರಿನಿಂದ ಫೋನ್ ಮಾಡಿ, "ಅಣ್ಣಾ, 4070 ಸೂಪರ್ ಸೆಕೆಂಡ್ ಹ್ಯಾಂಡ್ ಸಿಕ್ಕಿದೆ, ಗೋಲ್ಡ್ ತಗೊಳ್ಲಾ?" ಅಂತ ಕೇಳಿದ. ಅವನ ಕೋಣೆ ಬೇರೆ, ರಾತ್ರಿ ಸದ್ದಿನ ಚಿಂತೆ ಇಲ್ಲ. ಸಿಎಕ್ಸ್ ತಗೋ, ಉಳಿದ 4,500ಕ್ಕೆ ಸ್ವಲ್ಪ ಸೇರಿಸಿ 1100 ವಿಎ ಯುಪಿಎಸ್ ತಗೋ ಅಂದೆ. ನನ್ನ ಹತ್ತಿರ ಸುಮ್ನೆ ಕೂತಿದ್ದ ಸಿಎಕ್ಸ್ ಅನ್ನೇ ಕಳಿಸಿದ್ದೀನಿ, ಇನ್ನೂ ವಾರಂಟಿ ಇದೆ. ಅವನು ಯುಪಿಎಸ್‌ಗೆ ದುಡ್ಡು ಕೂಡಿಸ್ತಾ ಇದ್ದಾನೆ.